ಹಡಗಿನವನಿಗೆ ಮಿತಿ, ಕಾರಿನವನಿಗೆ ಪಾಲಿಸಿ: ವಿಳಿಞ್ಞಂನಿಂದ ಕೊಚ್ಚಿವರೆಗೆ ಹೊಣೆಯ ಇತಿಹಾಸ

ವಿಡಿಯೊದಲ್ಲಿ ಆಡಿದ ಮಾತನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಬರೆದಿದ್ದೇವೆ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರು ಊಟದ ಹೊತ್ತಿನಲ್ಲಿ ಓದಿಕೊಳ್ಳಬಹುದು.

ಇವತ್ತಿನ ವಿಷಯ ವಿಮೆ. ತಕ್ಷಣ ಮುಚ್ಚಿಬಿಡಬೇಡಿ, ನಾವು ಯಾವ ಪಾಲಿಸಿಯನ್ನೂ ಮಾರುತ್ತಿಲ್ಲ. ನಮಗೆ ಬೇಕಾಗಿರೋದು ಒಂದು ಹಳೇ ಪ್ರಶ್ನೆಯ ಚರಿತ್ರೆ. ನನ್ನಿಂದ ಇನ್ನೊಬ್ಬರಿಗೆ ನಷ್ಟವಾಯಿತು ಅಂತಿಟ್ಟುಕೊಳ್ಳಿ. ಬೇಕೂ ಅಂತ ಮಾಡಿದ್ದಲ್ಲ, ಆಗಿಹೋಯಿತು. ಆ ನಷ್ಟ ತುಂಬಿಕೊಡೋಕೆ ನನ್ನ ಆಸ್ತಿಯಲ್ಲಿ ಎಷ್ಟು ಹೋಗಬಹುದು? ಸಂಬಳವೇ, ಊರಿನ ಸೈಟೇ, ಸಾಲ ಮಾಡಿ ಕೊಂಡ ಫ್ಲ್ಯಾಟೇ? ಎಲ್ಲಿಗೆ ನಿಲ್ಲುತ್ತೆ? ಟೆಕ್ನೋಪಾರ್ಕ್‌ನಲ್ಲೋ ಇನ್ಫೋಪಾರ್ಕ್‌ನಲ್ಲೋ ಕೆಲಸ ಮಾಡುವ, ಕೆಎ ನಂಬರಿನ ಕಾರನ್ನು ಕೇರಳದ ರಸ್ತೆಯಲ್ಲಿ ಓಡಿಸುವ ನಮ್ಮವರಿಗೆ ಇದು ದಿನನಿತ್ಯದ ಪ್ರಶ್ನೆ. ನಾವು ಕೇಳಿಕೊಳ್ಳಲ್ಲ, ಅಷ್ಟೇ.

ವಿಳಿಞ್ಞಂನಿಂದ ಹೊರಟ ಹಡಗು

2025ರ ಮೇ ತಿಂಗಳು. ತಿರುವನಂತಪುರದ ಪಕ್ಕದ ವಿಳಿಞ್ಞಂ ಬಂದರಿನಿಂದ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೊಚ್ಚಿಗೆ ಹೊರಟಿತ್ತು. ಲೈಬೀರಿಯಾ ಧ್ವಜ, 24 ಜನ ಸಿಬ್ಬಂದಿ, 640 ಕಂಟೇನರುಗಳು. ಮೇ 24ರಂದು ಕೊಚ್ಚಿಯಿಂದ ಸುಮಾರು 38 ನಾಟಿಕಲ್ ಮೈಲಿ ದೂರದಲ್ಲಿ ಹಡಗು ಒಂದು ಕಡೆಗೆ ವಾಲಿತು. ಮರುದಿನ ಮುಳುಗಿತು. ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು 24 ಜನರನ್ನೂ ಉಳಿಸಿದರು. ಅದು ದೊಡ್ಡ ಸಮಾಧಾನ.

ಆದರೆ ಸರಕು ಉಳಿಯಲಿಲ್ಲ. ಹಡಗಿನಲ್ಲಿದ್ದ ಅಪಾಯಕಾರಿ ಸರಕಿನಲ್ಲಿ ನೀರು ತಾಗಿದರೆ ಬೆಂಕಿ ಹತ್ತುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಟ್ಯಾಂಕಿನಲ್ಲಿ 300 ಟನ್‌ಗೂ ಮೀರಿದ ಫರ್ನೆಸ್ ಆಯಿಲ್ ಇತ್ತು. ಕೊಲ್ಲಂ, ತಿರುವನಂತಪುರದ ಕಡಲ ದಂಡೆಗೆ ಸಬ್ಬಕ್ಕಿಯಂಥ ಪ್ಲಾಸ್ಟಿಕ್ ಕಾಳು ರಾಶಿರಾಶಿಯಾಗಿ ಬಂದು ಬಿತ್ತು. ಮೀನುಗಾರರ ಕೆಲಸ ನಿಂತಿತು. ಕೇರಳ ಸರ್ಕಾರ ಇದನ್ನು ರಾಜ್ಯದ ವಿಪತ್ತು ಅಂತ ಘೋಷಿಸಿ, ಎರ್ನಾಕುಳಂನಲ್ಲಿರುವ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ದಾವೆ ಹೂಡಿತು.

ಮುಳುಗಿದ ಹಡಗನ್ನು ಜಪ್ತಿ ಮಾಡೋಕಾಗುತ್ತಾ? ಅದು ಸಮುದ್ರದ ತಳದಲ್ಲಿದೆ. ಹಾಗಾಗಿ ವಿಳಿಞ್ಞಂನಲ್ಲಿದ್ದ ಅದೇ ಬಳಗದ ಇನ್ನೊಂದು ಹಡಗು, ಎಂಎಸ್‌ಸಿ ಅಕಿಟೆಟಾ 2, ಇದನ್ನು ತಡೆದು ನಿಲ್ಲಿಸಲು ಕೋರ್ಟು 2025ರ ಜುಲೈನಲ್ಲಿ ಆದೇಶಿಸಿತು. ಕಡಲ ಕಾನೂನಿನಲ್ಲಿ ಇದಕ್ಕೆ ಹಡಗನ್ನು 'ಅರೆಸ್ಟ್' ಮಾಡೋದು ಅಂತಲೇ ಹೆಸರು. ಕೇರಳ, ಕರ್ನಾಟಕ ಸೇರಿ ಕರಾವಳಿಯ ಹೈಕೋರ್ಟುಗಳ ಈ ಅಧಿಕಾರವನ್ನು 2017ರ ಅಡ್ಮಿರಾಲ್ಟಿ ಕಾಯ್ದೆ ಸ್ಪಷ್ಟವಾಗಿ ಬರೆದುಕೊಟ್ಟಿದೆ. ಸೆಪ್ಟೆಂಬರಿನಲ್ಲಿ ಕೋರ್ಟು ಸುಮಾರು 1,227 ಕೋಟಿ ರೂಪಾಯಿ ಭದ್ರತೆ ಕೊಡಬೇಕು ಎಂದಿತು.

ಇಲ್ಲಿ ಎರಡು ವಿಮೆಗಳನ್ನು ಬೇರೆ ಮಾಡಿ ನೋಡಿ. ಹಡಗು ಮುಳುಗಿದರೆ ಮಾಲೀಕನಿಗೆ ಹಡಗಿನ ಬೆಲೆ ಕೊಡುವ ವಿಮೆ ಒಂದು. ಆ ಹಡಗು ಮೀನುಗಾರನಿಗೆ, ಕಡಲಿಗೆ, ಪಕ್ಕದ ಹಡಗಿಗೆ ಮಾಡಿದ ಹಾನಿಗೆ ಹಣ ಕೊಡುವ ವಿಮೆ ಇನ್ನೊಂದು. ಮೊದಲನೆಯದು ನನ್ನ ವಸ್ತುವಿನ ವಿಮೆ. ಎರಡನೆಯದು ನನ್ನ ಹೊಣೆಯ ವಿಮೆ. ವಸ್ತುವಿನ ಬೆಲೆಗೆ ಒಂದು ಅಳತೆ ಇದೆ. ಹೊಣೆಗೆ ಅಳತೆ ಇಲ್ಲ. ಹತ್ತು ವರ್ಷ ಹಳೆಯ ಎರಡು ಲಕ್ಷದ ಕಾರು ಎರಡು ಕೋಟಿಯ ಹೊಣೆ ತಂದಿಡಬಹುದು. ನಮ್ಮ ಇವತ್ತಿನ ಕಥೆಯೆಲ್ಲ ಈ ಒಂದು ವ್ಯತ್ಯಾಸದ ಸುತ್ತ ತಿರುಗುತ್ತೆ.

ಕಾಲು ಭಾಗದ ಕಥೆ

ಈ ಎರಡನೇ ವಿಮೆ ಎಲ್ಲಿಂದ ಬಂತು ಅಂತ ತಿಳಿಯೋಕೆ ಸ್ವಲ್ಪ ಹೊತ್ತು ಲಂಡನ್ನಿಗೆ ಹೋಗಿಬರೋಣ. 1734ರಲ್ಲಿ ಇಂಗ್ಲೆಂಡಿನ ಸಂಸತ್ತು ಹಡಗಿನ ಮಾಲೀಕರ ಪರವಾಗಿ ಒಂದು ಕಾನೂನು ಮಾಡಿತು. ಹಡಗಿನ ನಾವಿಕರು ಸರಕು ಕದ್ದರೆ ಮಾಲೀಕನ ಹೊಣೆ ಹಡಗಿನ ಬೆಲೆ ಮತ್ತು ಆ ಪಯಣದ ಬಾಡಿಗೆ, ಇಷ್ಟಕ್ಕೇ ಸೀಮಿತ. ಅವನ ಮನೆ, ಜಮೀನು ಮುಟ್ಟುವಂತಿಲ್ಲ. 1813ರಲ್ಲಿ ಈ ಮಿತಿಯನ್ನು ಅಜಾಗರೂಕತೆಯಿಂದಾದ ಡಿಕ್ಕಿಗೂ ವಿಸ್ತರಿಸಿದರು. ಹಡಗಿಗೆ ಬಂಡವಾಳ ಹಾಕುವವರು ಹೆದರಿ ಓಡಬಾರದು ಅನ್ನೋದು ಲೆಕ್ಕಾಚಾರ. ಇವತ್ತಿಗೂ ಹಡಗಿನ ಟನ್ನೇಜ್ ಮೇಲೆ ಹೊಣೆಗೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದಗಳಿವೆ. ಭಾರತವೂ ಅದರಲ್ಲಿದೆ.

ಆದರೂ ಒಂದು ತೂತು ಉಳಿಯಿತು. ಆ ಕಾಲದ ಹಡಗಿನ ಪಾಲಿಸಿಗಳು ಡಿಕ್ಕಿಯ ಹೊಣೆಯಲ್ಲಿ ಮುಕ್ಕಾಲು ಭಾಗ ಮಾತ್ರ ಕೊಡುತ್ತಿದ್ದವು. ಉಳಿದ ಕಾಲು ಭಾಗ ಮಾಲೀಕನ ಜೇಬಿನಿಂದ. ಪೂರ್ತಿ ಕೊಟ್ಟರೆ ಹಡಗು ನಡೆಸುವವನಿಗೆ ಎಚ್ಚರ ತಪ್ಪುತ್ತೆ ಅನ್ನೋದು ವಿಮೆಯವರ ವಾದ. ಅದರ ಮೇಲೆ 1846ರಲ್ಲಿ ಇನ್ನೊಂದು ಕಾನೂನು ಬಂತು: ಅಪಘಾತದಲ್ಲಿ ಸತ್ತವನ ಹೆಂಡತಿ ಮಕ್ಕಳು ಪರಿಹಾರ ಕೇಳಬಹುದು. ಅದಕ್ಕೆ ಮೊದಲು ಗಾಯಗೊಂಡವನು ಕೇಳಬಹುದಿತ್ತು, ಸತ್ತವನ ಮನೆಯವರಿಗೆ ಹಕ್ಕಿರಲಿಲ್ಲ. ಇದೇ ಕಾನೂನು ಭಾರತಕ್ಕೆ ಬಂದದ್ದು 1855ರ ಫೇಟಲ್ ಆಕ್ಸಿಡೆಂಟ್ಸ್ ಕಾಯ್ದೆಯಾಗಿ.

ಅದೇ 1855ರಲ್ಲಿ ಲಂಡನ್ನಿನ ಹಡಗಿನ ಮಾಲೀಕರು ಸೇರಿ ಒಂದು ಪರಸ್ಪರ ನೆರವಿನ ಸಂಘ ಕಟ್ಟಿಕೊಂಡರು. ನಮ್ಮಲ್ಲಿ ಯಾರ ಮೇಲೆ ಆ ಕಾಲು ಭಾಗ ಬಿದ್ದರೂ, ಪಾಲಿಸಿಗಿಂತ ಮೇಲಿನ ಹೊಣೆ ಬಿದ್ದರೂ, ಎಲ್ಲರೂ ಸೇರಿ ಹಂಚಿಕೊಳ್ಳೋಣ ಅನ್ನೋದು ಒಪ್ಪಂದ. ಊರಿನ ಚೀಟಿ ವ್ಯವಹಾರ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಇವತ್ತು ಇಂಥವನ್ನು ಪಿ ಅಂಡ್ ಐ ಕ್ಲಬ್ ಅಂತಾರೆ. ಕೊಚ್ಚಿಗೆ, ಮಂಗಳೂರಿಗೆ ಬರುವ ದೊಡ್ಡ ಹಡಗುಗಳ ಹಿಂದೆಲ್ಲ ಇಂಥದ್ದೊಂದು ಕ್ಲಬ್ ಇರುತ್ತೆ.

ಅಮೆರಿಕದಲ್ಲಿರುವ ನಮ್ಮವರು 'ಅಂಬ್ರೆಲಾ ಪಾಲಿಸಿ' ಅನ್ನೋ ಹೆಸರು ಕೇಳಿರುತ್ತಾರೆ. ಕಾರಿನ ಪಾಲಿಸಿಗೆ ಒಂದು ಮಿತಿ, ಮನೆಯ ಪಾಲಿಸಿಗೆ ಒಂದು ಮಿತಿ. ಹೊಣೆ ಅದನ್ನು ದಾಟಿದರೆ ಮೇಲೆ ಬಿಚ್ಚಿಕೊಳ್ಳುವ ಕೊಡೆ ಇದು. 1855ರ ಆ ಸಂಘ ಮಾಡಿದ್ದೂ ಹತ್ತಿರ ಹತ್ತಿರ ಇದೇ ಕೆಲಸ: ಕೆಳಗಿನ ಪಾಲಿಸಿ ಮುಗಿದಲ್ಲಿಂದ ಮೇಲೆ.

ತರವಾಡು ಎಂಬ ಮಾಡು

ಸರಿ, ಹಡಗಿಲ್ಲದ ಸಾಮಾನ್ಯ ಮನುಷ್ಯನಿಗೆ ಏನಿತ್ತು? ಕೇರಳದಲ್ಲಿ ಅದಕ್ಕೆ ಉತ್ತರ ವಿಮೆ ಕಂಪನಿಯಲ್ಲಿರಲಿಲ್ಲ, ಮನೆಯಲ್ಲೇ ಇತ್ತು.

ತಿರುವಾಂಕೂರು, ಕೊಚ್ಚಿ, ಮಲಬಾರುಗಳಲ್ಲಿ ನಾಯರ್ ಮೊದಲಾದ ಸಮುದಾಯಗಳು ಮರುಮಕ್ಕತ್ತಾಯಂ ಪದ್ಧತಿಯಲ್ಲಿದ್ದವು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ಅಳಿಯಸಂತಾನದ ನೆಂಟ ಇದು. ಆಸ್ತಿ ತಾಯಿಯ ಕಡೆಯಿಂದ ಬರುತ್ತೆ, ಮನೆತನದ ಹೆಸರು ತರವಾಡು, ನೋಡಿಕೊಳ್ಳುವ ಹಿರಿಯ ಕಾರಣವರ್. ತುಳುನಾಡಿನಲ್ಲಿ ಯಜಮಾನ ಅಂತಾರಲ್ಲ, ಅವರೇ.

ಹಳೇ ಪದ್ಧತಿಯಲ್ಲಿ ಎಲ್ಲರೂ ಒಪ್ಪದೆ ತರವಾಡಿನ ಆಸ್ತಿ ಪಾಲು ಮಾಡುವಂತಿರಲಿಲ್ಲ. ಹಾಗಾಗಿ ಒಬ್ಬ ಸದಸ್ಯ ತನ್ನ ಸ್ವಂತಕ್ಕೆ ಸಾಲ ಮಾಡಿಕೊಂಡರೆ, ಸಾಲ ಕೊಟ್ಟವನು ತರವಾಡಿನ ಗದ್ದೆಯನ್ನು ಮುಟ್ಟಲು ಬರುತ್ತಿರಲಿಲ್ಲ. ಕಾರಣವರ್ ಮಾಡಿದ ಸಾಲ ಕೂಡ ತರವಾಡಿನ ಅಗತ್ಯಕ್ಕೆ ಮಾಡಿದ್ದಾದರೆ ಮಾತ್ರ ಮನೆತನಕ್ಕೆ ಅಂಟುತ್ತಿತ್ತು. ಇದರಲ್ಲಿ ಉಸಿರುಗಟ್ಟುವ ಸಂಗತಿಗಳು ಬೇಕಾದಷ್ಟಿದ್ದವು. ಕಿರಿಯರಿಗೆ ಕೈಯಲ್ಲಿ ಕಾಸಿಲ್ಲ, ಕಾರಣವರ್ ಲೆಕ್ಕ ಕೊಡಲ್ಲ, ಕೋರ್ಟಿನಲ್ಲಿ ವರ್ಷಗಟ್ಟಲೆ ಜಗಳ. ಆದರೆ ಒಬ್ಬನ ತಪ್ಪಿಗೆ ಎಲ್ಲರ ತಲೆ ಮೇಲಿನ ಮಾಡು ಹೋಗುತ್ತಿರಲಿಲ್ಲ.

ಬಯಲುಸೀಮೆಯ ನಮ್ಮ ಮಿತಾಕ್ಷರ ಕುಟುಂಬಗಳಲ್ಲಿ ನಿಯಮವೇ ಬೇರೆ. ಅಪ್ಪನ ಸಾಲ ಅನೈತಿಕ ಕೆಲಸಕ್ಕೆ ಮಾಡಿದ್ದಲ್ಲ ಅಂದರೆ ಅದನ್ನು ತೀರಿಸೋದು ಮಗನ ಧರ್ಮ. ಕೋರ್ಟುಗಳೂ ಅದನ್ನೇ ಎತ್ತಿಹಿಡಿದವು, ಕುಟುಂಬದ ಆಸ್ತಿಯಲ್ಲಿ ಮಗನ ಪಾಲಿಗೂ ಸಾಲ ಹತ್ತುತ್ತಿತ್ತು. ಕೇರಳ ಇದನ್ನು 1975ರ ಅವಿಭಕ್ತ ಹಿಂದೂ ಕುಟುಂಬ ರದ್ದತಿ ಕಾಯ್ದೆಯಲ್ಲಿ ತೆಗೆದುಹಾಕಿತು. ಕಾಯ್ದೆ ಜಾರಿಗೆ ಬಂದದ್ದು 1976ರ ಡಿಸೆಂಬರ್ 1ರಂದು. ಉಳಿದ ದೇಶದಲ್ಲಿ ಹೊಸ ಸಾಲಗಳಿಗೆ ಈ ನಿಯಮ ಹೋದದ್ದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲಿ.

ಆದರೆ 1975ರ ಅದೇ ಕಾಯ್ದೆ ಉಳಿದುಕೊಂಡಿದ್ದ ತರವಾಡುಗಳನ್ನೂ ಒಡೆಯಿತು. ಪ್ರತಿಯೊಬ್ಬರಿಗೂ ತಮ್ಮ ತಮ್ಮ ಪಾಲು ಬಂತು. ಸ್ವಾತಂತ್ರ್ಯ ಸಿಕ್ಕಿತು, ನಿಜ. ಅದರ ಜೊತೆಗೆ ಹೊಣೆಯೂ ಒಬ್ಬೊಬ್ಬರದೇ ಆಯಿತು. ಇವತ್ತು ಕಾಕ್ಕನಾಡಿನ ಹದಿನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿರುವ ಹುಬ್ಬಳ್ಳಿಯ ಹುಡುಗನಿಗೂ, ಪಕ್ಕದ ಬಾಗಿಲಿನ ಮಲಯಾಳಿ ಹುಡುಗಿಗೂ ತಲೆ ಮೇಲೆ ಆ ಹಳೇ ಮಾಡು ಇಲ್ಲ.

ಬಸ್ಸು ಬಂತು, ಲಾರಿ ಬಂತು

ಈಗ ರಸ್ತೆಗೆ ಬರೋಣ. 1938ರ ಫೆಬ್ರವರಿ 20ರಂದು ತಿರುವನಂತಪುರದಲ್ಲಿ ತಿರುವಾಂಕೂರು ಸರ್ಕಾರದ ಬಸ್ ಸೇವೆ ಶುರುವಾಯಿತು. ಇವತ್ತಿನ ಕೇರಳ ಕೆಎಸ್‌ಆರ್‌ಟಿಸಿಯ ಅಜ್ಜ ಅದು. ಮರುವರ್ಷ ಬ್ರಿಟಿಷ್ ಇಂಡಿಯಾದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂತು. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಅನ್ನುವ ಅಧ್ಯಾಯ ಮಾತ್ರ 1946ರ ಜುಲೈ 1ರವರೆಗೆ ಕಾಯಬೇಕಾಯಿತು. ತಿರುವಾಂಕೂರು, ಕೊಚ್ಚಿ ಆಗ ರಾಜರ ಸಂಸ್ಥಾನಗಳು. 1949ರಲ್ಲಿ ಅವೆರಡೂ ಸೇರಿ ಒಂದು ರಾಜ್ಯವಾದ ಮೇಲೆ ಕೇಂದ್ರದ ಕಾನೂನು ಇಲ್ಲಿಗೂ ಬಂತು.

ಆ ಕಾಯ್ದೆಯಲ್ಲಿ ಲಾರಿಗಳಿಗೆ ಒಂದು ಮಿತಿ ಇತ್ತು: 20,000 ರೂಪಾಯಿ. ಅದು 1970ರಲ್ಲಿ 50,000 ಆಯಿತು, 1982ರಲ್ಲಿ 1,50,000 ಆಯಿತು. ಕೇಳೋಕೆ ಹಡಗಿನವರ ಮಿತಿಯ ಹಾಗೇ ಇದೆ, ಆದರೆ ತದ್ವಿರುದ್ಧ. ಹಡಗಿನವರ ಮಿತಿ ಮಾಲೀಕನ ಹೊಣೆಗೆ. ಇದು ವಿಮೆ ಕಂಪನಿಯ ಹೊಣೆಗೆ! ಟ್ರಿಬ್ಯೂನಲ್ 80,000 ಪರಿಹಾರ ಕೊಡಿ ಅಂದರೆ ಕಂಪನಿ ತನ್ನ 20,000 ಕೊಟ್ಟು ಎದ್ದುಹೋಗಬಹುದು. ಮಿಕ್ಕಿದ್ದು ಲಾರಿ ಮಾಲೀಕನ ತಲೆ ಮೇಲೆ, ಅವನಲ್ಲಿ ಇಲ್ಲದಿದ್ದರೆ ಸತ್ತವನ ಹೆಂಡತಿಗೆ ಇಲ್ಲವೇ ಇಲ್ಲ.

1981ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಜಾಧವ್‌ಜಿ ಮೋದಿ ಪ್ರಕರಣದಲ್ಲಿ ಈ ಮಿತಿಯನ್ನು ಸ್ವಲ್ಪ ಹಿಗ್ಗಿಸಿತು. ಒಂದು ಡಿಕ್ಕಿಯಲ್ಲಿ ಹಲವರಿಗೆ ಪೆಟ್ಟಾದರೆ ಮಿತಿಯನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಹಾಕಬೇಕು ಎಂದಿತು. ಕೊನೆಗೆ 1988ರ ಹೊಸ ಕಾಯ್ದೆ, 1989ರ ಜುಲೈ 1ರಿಂದ ಜಾರಿ, ಸಾವು ಮತ್ತು ಗಾಯದ ವಿಷಯದಲ್ಲಿ ಆ ಮಿತಿಯನ್ನೇ ಕಿತ್ತುಹಾಕಿತು. ಹೊಣೆ ಎಷ್ಟೋ ಅಷ್ಟನ್ನೂ ವಿಮೆ ಕಂಪನಿ ಕೊಡಬೇಕು.

ಅಮೆರಿಕದವರು ಅಂಬ್ರೆಲಾ ಪಾಲಿಸಿ ಕೊಂಡು ಪಡೆಯುವ ರಕ್ಷಣೆಯ ದೊಡ್ಡ ಪಾಲು ನಮಗೆ ಮಾಮೂಲಿ ಥರ್ಡ್ ಪಾರ್ಟಿ ಪಾಲಿಸಿಯಲ್ಲೇ ಬರುತ್ತೆ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕಾರಿಗೆ ಗೀರು ಬಿದ್ದರೆ ಕ್ಲೇಮ್ ಮಾಡಬೇಕಾ ಬೇಡವಾ ಅಂತ ವಾರ ಯೋಚಿಸುತ್ತೇವೆ. ಮನೆಯನ್ನು ಕಾಯುವ ಆ ಇನ್ನೊಂದು ಹಾಳೆಯನ್ನು ತೆಗೆದೂ ನೋಡಲ್ಲ.

ಸರ್ಕಾರಿ ಬಸ್ಸಿನ ಕಥೆ ಬೇರೆ. ಸಾರಿಗೆ ನಿಗಮಗಳು ವಿಮೆಯ ಬದಲು ತಮ್ಮದೇ ನಿಧಿ ಇಟ್ಟುಕೊಳ್ಳಲು ಕಾನೂನು ಅವಕಾಶ ಕೊಡುತ್ತೆ. ನಿಧಿ ಒಣಗಿದರೆ ಏನಾಗುತ್ತೆ? ಪರಿಹಾರ ಬಾಕಿಗಾಗಿ ಬಸ್ಸು ಜಪ್ತಿ ಆಯಿತು ಅನ್ನುವ ಸುದ್ದಿ ನಮ್ಮೂರ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ ನೀವು? ವಿಳಿಞ್ಞಂನಲ್ಲಿ ಹಡಗು ನಿಲ್ಲಿಸಿದ್ದೂ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹಿಡಿದದ್ದೂ ಒಂದೇ ತರ್ಕ.

ಎರಡು ಕೋಟಿಯ ಲೆಕ್ಕ

'ಎರಡು ಲಕ್ಷದ ಕಾರು, ಎರಡು ಕೋಟಿಯ ಹೊಣೆ' ಅಂದೆನಲ್ಲ, ಅದು ಉತ್ಪ್ರೇಕ್ಷೆ ಅಲ್ಲ. 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ತೀರ್ಪುಗಳು ಲೆಕ್ಕ ಹಾಕುವ ಸೂತ್ರ ಕೊಟ್ಟಿವೆ. ಒಂದು ಉದಾಹರಣೆ ಮಾಡೋಣ. ಅಪಘಾತದಲ್ಲಿ ತೀರಿಕೊಂಡವರಿಗೆ 30 ವರ್ಷ, ಕಾಯಂ ಕೆಲಸ, ತೆರಿಗೆ ಕಳೆದು ವರ್ಷಕ್ಕೆ 12 ಲಕ್ಷ ಆದಾಯ. ಮುಂದಿನ ಬೆಳವಣಿಗೆಗೆ ಶೇ. 50 ಸೇರಿಸಿ: 18 ಲಕ್ಷ. ಮನೆಯಲ್ಲಿ ಮೂವರು ಅವಲಂಬಿತರು, ಹಾಗಾಗಿ ಅವರ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆಯಿರಿ: 12 ಲಕ್ಷ. 26ರಿಂದ 30 ವಯಸ್ಸಿಗೆ ಗುಣಕ 17. ಮೊತ್ತ 2 ಕೋಟಿ 4 ಲಕ್ಷ. ಅಂತ್ಯಕ್ರಿಯೆ ಮುಂತಾದ ಬಾಬ್ತು, ಬಡ್ಡಿ ಬೇರೆ.

ಪಾಲಿಸಿ ಸರಿಯಿದ್ದರೆ ಇದನ್ನು ಕಂಪನಿ ಕೊಡುತ್ತೆ. ಪಾಲಿಸಿ ಹರಿದಿದ್ದರೆ ನೀವು. ಹರಿಯೋದು ಎಲ್ಲಿ ಅಂತ ಕೇಳಿದರೆ ಮುಖ್ಯವಾಗಿ ಮೂರು ಕಡೆ.

ಒಂದು, ಅವಧಿ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ 3 ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತೆ. ಒಳ್ಳೆಯದೇ. ಆದರೆ ಐದು ವರ್ಷದಲ್ಲಿ ನಾವು ಮೂರು ಊರು, ಎರಡು ಫೋನ್ ನಂಬರು ಬದಲಿಸಿರುತ್ತೇವೆ. ಮುಗಿದದ್ದು ಗೊತ್ತೇ ಆಗಲ್ಲ.

ಎರಡು, ಲೈಸೆನ್ಸ್. 2004ರ ಸ್ವರಣ್ ಸಿಂಗ್ ತೀರ್ಪಿನ ಸಾರ 'ಮೊದಲು ಕೊಡು, ಆಮೇಲೆ ವಸೂಲು ಮಾಡು'. ಓಡಿಸಿದವನಿಗೆ ಲೈಸೆನ್ಸ್ ಇಲ್ಲ ಅಂತ ಗೊತ್ತಿದ್ದೂ ಗಾಡಿ ಕೊಟ್ಟಿದ್ದರೆ, ನೊಂದವರಿಗೆ ಕಂಪನಿ ಹಣ ಕೊಟ್ಟು ನಿಮ್ಮಿಂದ ವಾಪಸ್ ಕೇಳಬಹುದು. ಕೊಡೆ ಅವರಿಗೆ ಬಿಚ್ಚಿಕೊಂಡಿತು, ನಿಮಗಲ್ಲ. ರೂಂಮೇಟ್‌ಗೆ ಬೈಕ್ ಕೀ ಎಸೆಯುವ ಮೊದಲು ನೆನಪಿರಲಿ.

ಮೂರು, ಆರ್‌ಸಿ. ಊರು ಬಿಡುವ ಆತುರದಲ್ಲಿ ಬೈಕ್ ಮಾರಿ, ಹಣ ಎಣಿಸಿಕೊಂಡು, ಹೆಸರು ಬದಲಾವಣೆಯನ್ನು ಕೊಂಡವನಿಗೇ ಬಿಟ್ಟುಬಿಡುತ್ತೇವೆ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಹೊಣೆ ಅವರದೇ. ಗಾಡಿ ಕೈ ದಾಟಿ ಮೂರನೆಯವರಿಗೆ, ನಾಲ್ಕನೆಯವರಿಗೆ ಹೋಗಿದ್ದರೂ.

ಇದರ ಜೊತೆಗೆ ಇನ್ನೊಂದು ಸಣ್ಣ ಅಕ್ಷರದ ಸಂಗತಿ. ಮಿತಿ ಇಲ್ಲದಿರೋದು ಸಾವು, ಗಾಯಕ್ಕೆ ಮಾತ್ರ. ಇನ್ನೊಬ್ಬರ ಆಸ್ತಿಗೆ ಮಾಡಿದ ಹಾನಿಗೆ ಖಾಸಗಿ ಕಾರಿನ ಪಾಲಿಸಿಯಲ್ಲಿ 7.5 ಲಕ್ಷದ ಮಿತಿ ಇರುತ್ತೆ. ಸ್ವಲ್ಪ ರಿಯಾಯಿತಿಗಾಗಿ ಅದನ್ನು 6,000 ರೂಪಾಯಿಗೆ ಇಳಿಸುವ ಆಯ್ಕೆಯೂ ಇದೆ. ಒಂದು ದುಬಾರಿ ಕಾರಿನ ಹೆಡ್‌ಲೈಟ್ ಬೆಲೆ ಕೇಳಿ ನೋಡಿ, ಆ ರಿಯಾಯಿತಿ ಬೇಡ ಅನ್ನಿಸುತ್ತೆ.

ಬ್ಯಾಂಕ್ ಆಫ್ ಕೊಚ್ಚಿನ್ ಮತ್ತು ಜೈಲಿನ ಬಾಗಿಲು

ಎಲ್ಲ ಕೊಡೆಯೂ ಹರಿದು ಆಸ್ತಿಯೂ ಸಾಲದೆ ಹೋದರೆ? ಇದಕ್ಕೂ ಕೊಚ್ಚಿಯ ಒಂದು ಪ್ರಕರಣವೇ ಉತ್ತರ ಕೊಟ್ಟಿದೆ. ಅದು ಅಪಘಾತದ ಹೊಣೆಯಲ್ಲ, ಬ್ಯಾಂಕಿನ ಸಾಲ. ಆದರೆ ಪ್ರಶ್ನೆ ಅದೇ.

ಬ್ಯಾಂಕ್ ಆಫ್ ಕೊಚ್ಚಿನ್‌ಗೆ ಇಬ್ಬರ ಮೇಲೆ ಸುಮಾರು 2.5 ಲಕ್ಷ ರೂಪಾಯಿಯ ಡಿಕ್ರಿ ಆಗಿತ್ತು. ಅವರ ಸ್ಥಿರಾಸ್ತಿ ಆಗಲೇ ಜಪ್ತಿಯಾಗಿತ್ತು. ಆದರೂ ಬಾಕಿಗಾಗಿ ಅವರನ್ನು ಹಿಡಿದು ಸಿವಿಲ್ ಜೈಲಿಗೆ ಹಾಕಲು ವಾರಂಟ್ ಹೊರಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1980ರ ಫೆಬ್ರವರಿಯಲ್ಲಿ ತೀರ್ಪು ಬರೆದವರು ಕೇರಳದವರೇ ಆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಜಾಲಿ ಜಾರ್ಜ್ ವರ್ಗೀಸ್ ಪ್ರಕರಣ ಅಂತ ಕಾನೂನು ಓದುವವರು ಇವತ್ತಿಗೂ ಓದುತ್ತಾರೆ. ತೀರ್ಪಿನ ತಿರುಳು ಇದು: ಕೊಡಲು ಇದ್ದೂ ಕೊಡದ ಮೋಸಗಾರನನ್ನು ಜೈಲಿಗೆ ಹಾಕಬಹುದು. ಕೈಲಾಗದೆ ನಿಂತವನನ್ನು ಬಡವ ಅನ್ನುವ ಕಾರಣಕ್ಕೆ ಹಾಕುವಂತಿಲ್ಲ. ಅದು ಸಂವಿಧಾನದ 21ನೇ ವಿಧಿಗೆ ಒಗ್ಗಲ್ಲ.

ಹಾಗಂತ ನಿರಾಳವಾಗಬೇಡಿ. ಈ ತೀರ್ಪು ಕಾಯೋದು ಮೈಯನ್ನು, ಮನೆಯನ್ನಲ್ಲ. ಮೋಟಾರು ಅಪಘಾತದ ಪರಿಹಾರ ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯ ಹಾಗೆ ಕಲೆಕ್ಟರ್ ಮೂಲಕ ವಸೂಲು ಮಾಡುವ ದಾರಿ ಕಾಯ್ದೆಯಲ್ಲೇ ಇದೆ. ಕೊಚ್ಚಿಯ ಹೊಣೆ ದಾವಣಗೆರೆಯ ಸೈಟನ್ನು ಹುಡುಕಿಕೊಂಡು ಬರಬಹುದು.

ಕಾರಿನಾಚೆ

ರಸ್ತೆ ಬಿಟ್ಟರೆ ಕಾನೂನು ನಮಗೆ ಯಾವ ಕಡ್ಡಾಯ ಕೊಡೆಯನ್ನೂ ಕೊಟ್ಟಿಲ್ಲ. 2020ರ ಜನವರಿ 11 ಮತ್ತು 12ರಂದು ಕೊಚ್ಚಿಯ ಮರಡಿನಲ್ಲಿ, ಕರಾವಳಿ ನಿಯಮ ಮೀರಿ ಕಟ್ಟಿದ ನಾಲ್ಕು ವಸತಿ ಸಮುಚ್ಚಯಗಳನ್ನು ಸ್ಫೋಟಿಸಿ ಬೀಳಿಸಿದ್ದು ನಿಮಗೆ ನೆನಪಿರಬಹುದು. ಅದಕ್ಕೆ ಮೊದಲು ಅಕ್ಕಪಕ್ಕದ ಮನೆಯವರು ಪಟ್ಟು ಹಿಡಿದದ್ದು ಒಂದಕ್ಕೆ: ನಮ್ಮ ಗೋಡೆ ಬಿರುಕು ಬಿಟ್ಟರೆ ಯಾರು ಕೊಡುತ್ತೀರಿ, ವಿಮೆ ಮಾಡಿಸಿ. ಮಾಡಿಸಿದರು. ಆ ನೆರೆಮನೆಯವರು ಕೇಳಿದ್ದು ಹೊಣೆಯ ವಿಮೆಯನ್ನೇ.

ನಮ್ಮ ಮನೆಯ ಅಳತೆಯಲ್ಲಿ ಅದೇ ಪ್ರಶ್ನೆ ಹೀಗಿರುತ್ತೆ. ಬಾಲ್ಕನಿಯ ಹೂಕುಂಡ ಕೆಳಗೆ ನಡೆದು ಹೋಗುವವರ ಮೇಲೆ ಬಿದ್ದರೆ? ಸಾಕಿದ ನಾಯಿ ಡೆಲಿವರಿ ಹುಡುಗನಿಗೆ ಕಚ್ಚಿದರೆ? ಅಂಗಳದ ತೆಂಗಿನ ಮರ ಹತ್ತಿದವರು ಬಿದ್ದರೆ? ಭಾರತದಲ್ಲಿ ಮನೆಯ ಪ್ಯಾಕೇಜ್ ಪಾಲಿಸಿಗಳಲ್ಲಿ 'ಪಬ್ಲಿಕ್ ಲಯಬಿಲಿಟಿ' ಅನ್ನುವ ಭಾಗ ಸೇರಿಸಿಕೊಳ್ಳುವ ಅವಕಾಶ ಹಲವು ಕಡೆ ಇದೆ. ಗೃಹಸಾಲದ ಜೊತೆ ಬ್ಯಾಂಕಿನವರು ಕೊಡುವ ವಿಮೆ ಸಾಮಾನ್ಯವಾಗಿ ಗೋಡೆಗೆ, ಬೆಂಕಿಗೆ. ಅಂದರೆ ಮತ್ತೆ ವಸ್ತುವಿನ ವಿಮೆ. ಬಿಡುವಿನಲ್ಲಿ ಫ್ರೀಲಾನ್ಸ್ ಕೋಡ್ ಬರೆಯುವವರಿಗೆ ವೃತ್ತಿ ಹೊಣೆಯ ವಿಮೆ ಬೇರೆಯೇ ಇದೆ. ಅಮೆರಿಕದ ಹಾಗೆ ಎಲ್ಲದರ ಮೇಲೂ ಒಂದೇ ದೊಡ್ಡ ಕೊಡೆ ಇಲ್ಲಿ ವ್ಯಕ್ತಿಗಳಿಗೆ ಸುಲಭವಾಗಿ ಸಿಗುವ ಸರಕಲ್ಲ. ಸಣ್ಣ ಸಣ್ಣ ಕೊಡೆಗಳನ್ನು ನಾವೇ ಜೋಡಿಸಿಕೊಳ್ಳಬೇಕು.

ಇಷ್ಟು ಶತಮಾನದ ಕಥೆಯಿಂದ ಒಂದೇ ಮಾತು ಇಟ್ಟುಕೊಳ್ಳೋಣ. ಹಡಗಿನ ಮಾಲೀಕ ಸಂಸತ್ತಿಗೆ ಹೋಗಿ ತನ್ನ ಹೊಣೆಗೆ ಮಿತಿ ಬರೆಸಿಕೊಂಡ. ತರವಾಡಿನವರಿಗೆ ಪದ್ಧತಿಯೇ ಮಾಡಾಗಿತ್ತು. ಸಂಬಳದ ಮೇಲೆ ಬದುಕುವ ನಮಗೆ ಯಾರೂ ಮಿತಿ ಬರೆದುಕೊಟ್ಟಿಲ್ಲ. ನಮಗಿರೋದು ಒಂದು ಪಾಲಿಸಿ ಮತ್ತು ಅದರ ಷರತ್ತುಗಳು. ಜೊತೆಗೆ ಇದನ್ನೂ ಮರೆಯಬಾರದು: ಈ ವಿಮೆ ಹುಟ್ಟಿದ್ದು ಆಸ್ತಿವಂತರ ಹೆದರಿಕೆಯಿಂದಲೇ ಇರಬಹುದು, ಆದರೆ ಅದರ ಇನ್ನೊಂದು ತುದಿಯಲ್ಲಿ ನಿಮ್ಮ ಗಾಡಿಗೆ ಸಿಕ್ಕಿ ದುಡಿಯುವವರನ್ನು ಕಳೆದುಕೊಂಡ ಒಂದು ಮನೆ ಇರುತ್ತೆ. ಪಾಲಿಸಿ ಜೀವಂತ ಇದ್ದರೆ ಆ ಮನೆಗೂ ಅನ್ನ, ನಿಮ್ಮ ಮನೆಗೂ ನೆಮ್ಮದಿ.

ಹಾಗಾಗಿ ಈ ವಾರ ಹತ್ತು ನಿಮಿಷ ಎತ್ತಿಡಿ. ಥರ್ಡ್ ಪಾರ್ಟಿ ಮುಗಿಯುವ ತಾರೀಖು ನೋಡಿ. ಮಾರಿದ ಗಾಡಿ ಇನ್ನೂ ನಿಮ್ಮ ಹೆಸರಿನಲ್ಲೇ ಇದೆಯಾ ಅಂತ ಪರಿವಾಹನ್ ಜಾಲತಾಣದಲ್ಲಿ ನೋಡಿ. ಊರಿನಲ್ಲಿ ಅಪ್ಪ ಓಡಿಸುವ ಹಳೇ ಸ್ಕೂಟರಿನದ್ದೂ ನೋಡಿ, ಅದು ಬಹುಶಃ ನಿಮ್ಮ ಹೆಸರಿನಲ್ಲೇ ಇರುತ್ತೆ.